ಡ್ರಿಲ್ ಮೇಷ್ಟ್ರ ಎಡಗೈ

ನಿವೃತ್ತರಾಗಿ ಎಷ್ಟೋ ವರ್ಷವಾದರೂ ಡ್ರಿಲ್ ಮೇಷ್ಟ್ರ ಕೊರಳಿನಿಂದ ಸೀಟಿ ಮಾತ್ರ ಇಳಿದಿಲ್ಲ. ಬೆಳಗಾಗುತ್ತಲೇ ಪಾರ್ಕಿನ ಗೇಟಿನಲ್ಲಿ ಅದು ಕೇಳಿದರೆ ಸಾಕು, ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಕೂತ ಮುದುಕರೆಲ್ಲ ತಡಬಡಿಸಿ ಎದ್ದು ಸಾಲಾಗಿ ನಿಲ್ಲುತ್ತಾರೆ. "ಕಾಲು ಕೂತ್ರೆ ತಲೆ ಮಲಗುತ್ತೆ, ನಡೀರಿ!" ಎಂದು ಗದರಿಸಿ, ನಡೆಸುತ್ತಲೇ ಮಗ್ಗಿಯನ್ನು ಕೊನೆಯಿಂದ ಹೇಳಿಸುತ್ತಾರೆ, ತಪ್ಪಿದವರು ನಿವೃತ್ತ ಜಡ್ಜೇ ಆಗಿರಲಿ, ಮರ ಸುತ್ತಿಬರಬೇಕು. ಆ ಸೀಟಿಗೆ ಬೀದಿನಾಯಿಯ ಬಾಲವೂ ನೆಟ್ಟಗಾಗುತ್ತದೆಂದು ಹಾಲಿನವನು ಆಣೆ ಮಾಡಿ ಹೇಳುತ್ತಾನೆ. ಇಂಥ ಮೇಷ್ಟ್ರು ದಿನಾ "ಬಲಗೈ ಮೇಲೆ!" ಎಂದು ಕೂಗಿ ತಾವು ಎಡಗೈ ಎತ್ತುತ್ತಾರೆ. ಹೊಸಬರು ಕಿಸಕ್ಕೆಂದರೆ ಹಳಬರು ಕಣ್ಣಲ್ಲೇ ಸುಮ್ಮನಿರಿಸುತ್ತಾರೆ. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ನಿಂತಿರುತ್ತಾರೆ; ಅವರಿಗೆ ಮಕ್ಕಳ ಹೆಸರು, ಮನೆಯ ದಾರಿ ಒಂದೊಂದಾಗಿ ಮರೆತುಹೋಗುತ್ತಿವೆ. ಆಕೆ ಹುಬ್ಬು ಗಂಟಿಕ್ಕಿ, "ಅದು ಎಡಗೈ ರೀ! ಊರ ಮಕ್ಕಳಿಗೆಲ್ಲ ಇದನ್ನೇ ಕಲಿಸಿದ್ರಾ?" ಎಂದು ಬಯ್ಯುವವರೆಗೆ ಮೇಷ್ಟ್ರು ಆ ತಪ್ಪು ಕೈಯನ್ನು ಇಳಿಸುವುದಿಲ್ಲ. ಈಚೀಚೆಗೆ ಆ ಬೈಗುಳ ಬರುವುದು ಬಹಳ ತಡವಾಗುತ್ತಿದೆ. ಅಲ್ಲಿಯವರೆಗೆ ಸಾಲಿನಲ್ಲಿ ಯಾರೂ ಕೈ ಇಳಿಸುವುದಿಲ್ಲ.