ಪಡುವಣ ಬದಿಯ ಮರದ ಬೇಲಿ

ಆದೋನಿಯಲ್ಲಿ ಮನೆಗೆ ಮರದ ಬೇಲಿ ಹಾಕಿಸುವವರು ಯಾರೂ ಇಲ್ಲ. ಇಲ್ಲಿ ಕಲ್ಲಿಗೆ ಬರವಿಲ್ಲ. ಬಂಡೆ ಸೀಳಿ ಸಾಲಾಗಿ ನಿಲ್ಲಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಅದೇ ಕಾಂಪೌಂಡು. ನಮ್ಮ ಯಜಮಾನರು ಮಾತ್ರ, ಹಳೆಯ ಹತ್ತಿ ಪ್ರೆಸ್ಸಿನ ಕಟ್ಟಡ ಕೆಡವುವಾಗ ಅದರ ಅಟ್ಟದ ತೇಗದ ಹಲಗೆಗಳನ್ನು ತಂದು, ಮನೆಯ ಪಡುವಣ ಬದಿಗೆ ಸೊಂಟದೆತ್ತರದ ಬೇಲಿ ಮಾಡಿಸಿದರು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ತೋಟಕ್ಕೆ ಬಿಳಿ ಪಿಕೆಟ್ ಫೆನ್ಸ್ ಇತ್ತು, ಅದರ ಹಿಂದೆ ಗುಲಾಬಿ ಇದ್ದವು ಎಂದು ಮದುವೆಯಾದ ಹೊಸದರಲ್ಲಿ ನಾನು ಯಾವಾಗಲೋ ಹೇಳಿದ್ದೆನಂತೆ. ಅದನ್ನು ನೆನಪಿಟ್ಟುಕೊಂಡು ರಿಟೈರ್ ಆದ ಮೇಲೆ ಮಾಡಿಸಿದರು. ಗುಲಾಬಿ ಎರಡು ಬೇಸಿಗೆಗೆ ಹೋಯಿತು. ಅವರೂ ಹೋದರು. ಬೇಲಿ ಉಳಿಯಿತು.

ನನಗೆಂದು ಮಾಡಿಸಿದ ಬೇಲಿ ನನಗಿಂತ ಹೆಚ್ಚಾಗಿ ನನ್ನ ನಾದಿನಿಯದಾಯಿತು. ಆಕೆ ಯಜಮಾನರ ಅಕ್ಕ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು ನಮ್ಮ ಜೊತೆಗೇ ಇದ್ದಾರೆ. ನಾನು, ನಾದಿನಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಮಗಳು, ಇಷ್ಟೇ ಈಗ ಮನೆ. ನಾದಿನಿಗೆ ಗ್ಲಾಕೋಮಾ. ಡಾಕ್ಟರರು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಆಕೆಗೆ ಕನ್ನಡದಲ್ಲಿ ಹೇಳಿದೆ: ಪಕ್ಕದ ನೋಟ ಹೋಗಿದೆ, ಎದುರಿನದು ಕೊಳವೆಯೊಳಗಿಂದ ನೋಡಿದ ಹಾಗೆ, ಅದೂ ಮಂಜು ಮಂಜು. ಆಕೆ ಕೇಳಿದ್ದು ಒಂದೇ ಮಾತು, ಬೆಳಗಿನ ಜಾವ ಮಠಕ್ಕೆ ಹೋಗಲು ಬರುತ್ತದೋ ಇಲ್ಲವೋ ಎಂದು.

ಮಠ ನಮ್ಮ ಓಣಿಯ ತುದಿಯಲ್ಲೇ ಇದೆ. ಜಗುಲಿ ಇಳಿದು ಬೇಲಿಯ ಮೇಲ್ಪಟ್ಟಿಯ ಮೇಲೆ ಎಡಗೈ ಇಟ್ಟರೆ ಗೇಟಿನವರೆಗೂ ಅದೇ ಕರೆದುಕೊಂಡು ಹೋಗುತ್ತದೆ. ಗೇಟು ದಾಟಿದರೆ ಮಠದ ಗೋಡೆ ಕೈಗೆ ಸಿಗುತ್ತದೆ. ಹೀಗೆ ಆಕೆ ಯಾರ ಹಂಗೂ ಇಲ್ಲದೆ ದಿನಾ ಹೋಗಿ ತೀರ್ಥ ತೆಗೆದುಕೊಂಡು ಬರುತ್ತಿದ್ದರು. ಎಷ್ಟನೆಯ ಪಟ್ಟಿಯ ಹತ್ತಿರ ನೆಲ ತಗ್ಗು, ಎಲ್ಲಿ ಮೊಳೆಯ ತಲೆ ಮೇಲೆದ್ದಿದೆ, ಎಲ್ಲ ಬೆರಳಿಗೆ ಗೊತ್ತು. ದಿನದಲ್ಲಿ ಆಕೆ ಒಬ್ಬರೇ ಮಾಡುವ ಕೆಲಸ ಅದೊಂದೇ ಉಳಿದಿತ್ತು. ಉಳಿದದ್ದಕ್ಕೆಲ್ಲ, ಸಾರಿಗೆ ಉಪ್ಪು ಹಾಕುವುದರಿಂದ ಹಿಡಿದು ಸೀರೆಯ ಅಂಚು ಹುಡುಕುವುದರವರೆಗೆ, ನಾನೋ ಮಗಳೋ ಬೇಕು.

ನಮ್ಮ ಕಡೆಯ ಬಿಸಿಲು ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಶಿವರಾತ್ರಿ ಕಳೆದರೆ ಸಾಕು, ಮಧ್ಯಾಹ್ನದಿಂದ ಸಂಜೆಯವರೆಗೆ ಆ ಪಡುವಣ ಬದಿ ಬಾಣಲೆಯ ಹಾಗೆ ಕಾಯುತ್ತದೆ. ತೇಗವಾದರೇನು, ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಹೋದ ವರ್ಷ ನಾನೇ ಒಂದು ಡಬ್ಬಿ ವಾರ್ನಿಷ್ ತರಿಸಿದೆ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಒಂದಕ್ಷರ ಬಿಡದೆ ಓದಿದೆ. ಇನ್‌ಸ್ಟ್ರಕ್ಷನ್ಸ್ ಫಾಲೋ ಮಾಡುವುದರಲ್ಲಿ ಕಾನ್ವೆಂಟಿನ ಹುಡುಗಿಯರನ್ನು ಮೀರಿಸುವವರಿಲ್ಲ. ಒಣಗಿದ ದಿನ ಹಚ್ಚಿ ಎಂದಿತ್ತು, ಮೇ ತಿಂಗಳಿಗಿಂತ ಒಣಗಿದ ದಿನ ಇನ್ನಾವುದು ಎಂದು ಹನ್ನೊಂದು ಗಂಟೆಯ ಬಿಸಿಲಲ್ಲಿ ಹಚ್ಚಿದೆ. ಒಂದು ವಾರ ಫಳಫಳ ಹೊಳೆಯಿತು. ಶ್ರಾವಣದ ಹೊತ್ತಿಗೆ ಮೇಲ್ಪಟ್ಟಿಯ ಮೇಲೆ ಸುಟ್ಟ ಗಾಯದ ಬೊಬ್ಬೆಗಳ ಹಾಗೆ ಎದ್ದು, ಉಗುರಿಗೆ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬಂತು.

ಈ ವರ್ಷ ಮಾಘದಲ್ಲಿ ಒಂದು ದಿನ ನಾದಿನಿ ಮಠದಿಂದ ಬಂದು ಅಂಗೈ ಮುಚ್ಚಿಕೊಂಡು ಕೂತರು. ಏನೂ ಇಲ್ಲ, ಸಿಬರು ಎಂದರು. ತೆಗೆದು ನೋಡಿದರೆ ಸಿಬರಲ್ಲ, ಸೂಜಿಯಷ್ಟು ಉದ್ದದ ತೇಗದ ಚೂರು. ಆಕೆಗೆ ಶುಗರ್ ಬೇರೆ. ಕೈ ಬಾತು, ಕೀವಾಗಿ, ಮೂರು ವಾರ ಡ್ರೆಸ್ಸಿಂಗ್ ಆಯಿತು. ಮಗಳು ಜೋರಾಗಿ ಮಾತಾಡುವವಳಲ್ಲ. ಆ ದಿನ ಊಟದ ನಡುವೆ ಮೆಲ್ಲಗೆ ಹೇಳಿದಳು: ಇನ್ನು ಅತ್ತೆ ಒಬ್ಬರೇ ಹೋಗುವುದು ಬೇಡ. ಆ ಬೇಲಿ ಸರಿಯಾಗಲಿ, ಇಲ್ಲವಾದರೆ ಯುಗಾದಿಯ ಒಳಗೆ ತೆಗೆಸಿ ಬಂಡೆ ನಿಲ್ಲಿಸೋಣ. ಬಂಡೆಗೆ ಮೇಲ್ಪಟ್ಟಿ ಇರುವುದಿಲ್ಲ, ಒಂದು ಉದ್ದ ಒಂದು ಗಿಡ್ಡ, ನಡುವೆ ಸಂದು. ಕೈ ಇಟ್ಟು ನಡೆಯಲು ಬರುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು.

ನಾದಿನಿ ಮಠಕ್ಕೆ ಹೋಗುವುದು ನಿಂತಿತು. ಜಾವಕ್ಕೆ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ಜಗುಲಿಯ ಕಂಬಕ್ಕೆ ಒರಗಿ ಕೂರುವರು. ನಾನೂ ಮಡಿಯಲ್ಲಿ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದೆ.

"ನೀ ಮಡಿ ಮಾಡ್ತಿ?" ಎಂದರು. ಆಮೇಲೆ, "ಬ್ಯಾಡ ಬಿಡು. ಇನ್ನೊಬ್ಬರ ಕೈ ಹಿಡಕೊಂಡು ಹೋಗೋದಾದ್ರ ದೇವರೇ ಇಲ್ಲಿಗೆ ಬರ್ಲಿ."

ಹಾಗಾಗಿ ಬೇಲಿ ಸರಿಮಾಡುವುದು ನನ್ನ ಪಾಲಿಗೆ ಬಂತು. ಈ ಸಲ ಡಬ್ಬಿಯ ಸಹವಾಸ ಬೇಡ ಎಂದು, ಮರಕ್ಕೆ ಎಣ್ಣೆ ಕುಡಿಸಬೇಕೆಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಗಿರಣಿಯಿಂದ ಶೇಂಗಾ ಎಣ್ಣೆ ತರಿಸಿ ಧಾರಾಳವಾಗಿ ಬಳಿದೆ. ದೇವರ ದೀಪಕ್ಕೂ ಆಗುವ ಎಣ್ಣೆ, ನಾದಿನಿಯ ಮಡಿಗೂ ದೋಷವಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಅದು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಓಡುವ ಕಾಲ ಎಂಬುದು ಮರೆತೇ ಹೋಗಿತ್ತು. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಕೂರುತ್ತದೆ. ಗಾಳಿಯಲ್ಲಿ ತೇಲಿಬಂದ ಅರಳೆಯ ಎಳೆಯೆಲ್ಲ ಅದಕ್ಕೆ ಮೆತ್ತಿಕೊಂಡು, ನಾಲ್ಕು ದಿನದಲ್ಲಿ ನಮ್ಮ ಬೇಲಿ ಉಣ್ಣೆ ಕತ್ತರಿಸದ ಕುರಿಯಂತಾಯಿತು. ಇರುವೆಗಳು ಬಂದವು. ಓಣಿಯ ಆಡು ಬಂದು ನೆಕ್ಕಿತು. ನಾದಿನಿ ಜಗುಲಿಯಿಂದಲೇ ಕೈ ಚಾಚಿ ಮುಟ್ಟಿ ನೋಡಿ, "ಬೆಳಿ ಛಲೋ ಬಂದದ ಈ ಸಲ. ಬತ್ತಿ ಹೊಸೀಲೇನು?" ಎಂದರು. ನನಗೆ ನಗು ಬರಲಿಲ್ಲ. ಭುಜ ಎತ್ತಲಾಗದಷ್ಟು ನೋಯುತ್ತಿತ್ತು.

ಹಾಲಿನವಳು ಆಡನ್ನು ಓಡಿಸುತ್ತ, ಕೌತಾಳಂನಲ್ಲಿ ಒಬ್ಬ ಬಡಿಗ ಇದ್ದಾನೆ, ಅವರ ಮನೆತನದವರು ಬಂಡಿಯ ಗಾಲಿ ಮಾಡುವವರು, ಬಿಸಿಲಲ್ಲಿ ನಿಲ್ಲುವ ಮರದ ವಿಷಯ ಅವನಿಗೆ ಗೊತ್ತಿರುತ್ತದೆ ಎಂದಳು. ಫೋನು ಮಾಡಿಸಿದ್ದಕ್ಕೆ ಅವನು ಬೆಳಗಿನ ಬಸ್ಸಿಗೇ ಬಂದ. ನನ್ನ ವಯಸ್ಸಿನವನೇ, ಮಾತು ಕಡಿಮೆ, ಬೀಡಿ ಜಾಸ್ತಿ. ಅರಳೆ ಕಂಡು ನಗಲಿಲ್ಲ, ಅದೇ ದೊಡ್ಡ ಉಪಕಾರ. ಒಡೆದ ಗಾಜಿನ ಚೂರಿನಿಂದ ಒಂದು ಗೇಣು ಹೆರೆದು ನೋಡಿದ. ಕೆಳಗಿನ ಪಟ್ಟಿಗಳನ್ನು ನೋಡಿದ. ಗೇಟಿನವರೆಗೆ ಹೋಗಿ, ಗೇಟಿನಾಚೆ ಉಳಿದ ಬೇಲಿಯ ತುಂಡನ್ನೂ ನೋಡಿ ಬಂದು ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಇದರ ಮ್ಯಾಲೆ ದಿನಾ ನೀರು ಬೀಳ್ತಾವೇನು?"

ಮಳೆಯೇ ಇಲ್ಲದ ಊರಲ್ಲಿ ಎಲ್ಲಿಯ ನೀರು ಎಂದು ಕೇಳಿದೆ.

"ಚೂಡಂಡಿ, ನೋಡ್ರಿ," ಎಂದು ಬೆರಳಿಟ್ಟು ತೋರಿಸಿದ. "ಬಿಸಲು ಎಲ್ಲಾಕೂ ಒಂದೇ ಐತಿ. ಕೆಳಗಿನ ಪಟ್ಟಿ ಬೆಳ್ಳಗಾಗ್ಯಾವ, ಸೀಳಿಲ್ಲ. ಗೇಟಿನ ಆಕಡಿದು ಸೀಳಿಲ್ಲ. ಈ ಮ್ಯಾಲಿಂದು ಒಂದೇ ಸೀಳೈತಿ, ಅದೂ ಗೇಟಿನ ತನಕ. ಬಿಸಲಿಗೆ ಮರ ಸಾಯಂಗಿಲ್ಲಮ್ಮಾ. ನೀರು ಕುಡಿಸಿ ಬಿಸಲಿಗೆ ಹಾಕಿದ್ರ ಸಾಯ್ತೈತಿ. ಕುಡದಾಗ ಉಬ್ಬತೈತಿ, ಒಣಗಿದಾಗ ಎಳೀತೈತಿ. ದಿನಾ ಅದೇ ಆದ್ರ ಕಬ್ಬಿಣಾನೂ ತಡಿಯಂಗಿಲ್ಲ."

ಆಗ ನನಗೆ ಹೊಳೆಯಿತು.

ನಾದಿನಿ ಮಡಿಯಲ್ಲಿ ಹೋಗುವವರು. ಬೇಲಿಯ ಮೇಲೆ ಕಾಗೆ ಕೂತಿರುತ್ತದೆ, ದಾರಿಹೋಕರು ಕೈ ಇಟ್ಟಿರುತ್ತಾರೆ, ಹಾಗೇ ಮುಟ್ಟಿದರೆ ಮಡಿ ಹೋಯಿತು. ಅದಕ್ಕೆ ಆಕೆ ಬಲಗೈಯಲ್ಲಿ ಒಂದು ಚೆಂಬು ಹಿಡಿದು, ಮೇಲ್ಪಟ್ಟಿಯ ಮೇಲೆ ದಾರದಷ್ಟು ಸಣ್ಣಗೆ ನೀರು ಬಿಡುತ್ತ, ಒದ್ದೆಯಾದ ಜಾಗದ ಮೇಲಷ್ಟೇ ಎಡಗೈ ಇಡುತ್ತ ನಡೆಯುತ್ತಿದ್ದರು. ಜಗುಲಿಯಿಂದ ಗೇಟಿನವರೆಗೆ ಸರಿಯಾಗಿ ಒಂದು ಚೆಂಬು; ಅಲ್ಲಿಂದಾಚೆ ಮಠದ ಗೋಡೆ, ಅದಕ್ಕೆ ಮೈಲಿಗೆಯಿಲ್ಲ. ಎಷ್ಟೋ ವರ್ಷ ನಾನು ಕಿಟಕಿಯಿಂದ ಅದನ್ನು ನೋಡಿದ್ದೇನೆ. ವಾರ್ನಿಷ್ ಡಬ್ಬಿಯ ಫೈನ್ ಪ್ರಿಂಟ್ ಓದಿದವಳು ಇದನ್ನು ಓದಲಿಲ್ಲ.

ಬಡಿಗ ಮಾಡಬೇಕಾದ್ದನ್ನು ಹೇಳಿದ. ಸೀಳಿದ ಮೇಲ್ಪಟ್ಟಿಯನ್ನು ತಿರುವಿ ಹಾಕಿದರೆ ಅಡಿಯ ಮುಖ ಇನ್ನೂ ಗಟ್ಟಿ ಇದೆ. ಚೆನ್ನಾಗಿ ಉಜ್ಜಿ, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ, ಬಿಸಿಲು ಇಳಿದ ಮೇಲೆ ಹಚ್ಚಿ, ಅರಿವೆಯಿಂದ ಒರೆಸಿಬಿಡಬೇಕು. ಅಗಸೆ ಎಣ್ಣೆ ಒಣಗಿ ಮರದೊಳಗೇ ಗಟ್ಟಿಯಾಗುತ್ತದೆ. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಹೀಗೆ ಮಾಡಬೇಕು. ಕಂಬಗಳ ತಲೆಗೆ ತಗಡಿನ ಟೋಪಿ, ಏಕೆಂದರೆ ಮರ ನೀರು ಕುಡಿಯುವುದೂ ಒಣಗಿ ಸೀಳುವುದೂ ಕತ್ತರಿಸಿದ ತುದಿಯಿಂದ. ಚೈತ್ರ ವೈಶಾಖದಲ್ಲಿ ಹೊರಬದಿಗೆ ಜೋಳದ ದಂಟಿನ ತಟ್ಟಿ ಕಟ್ಟಬೇಕು. ಬಂಡಿಗಳನ್ನು ಹಾಗೇ ಕಾಪಾಡುತ್ತಿದ್ದರಂತೆ. ಹೊರಡುವಾಗ, ನೀರು ಬಿದ್ದರೆ ತಾನು ಮಾಡಿದ್ದೆಲ್ಲ ದಂಡ ಎಂದು ಎರಡು ಸಲ ಹೇಳಿದ.

ಅವನು ಪಟ್ಟಿ ತಿರುವಿ ಕೂರಿಸಿ ಹೋದ. ಉಜ್ಜುವುದು, ಎಣ್ಣೆ ಹಚ್ಚುವುದು ನನ್ನದು. ದಿನಾ ಸಂಜೆ ಎರಡು ಗೇಣು, ಮೂರು ಗೇಣು. ಸ್ಯಾಂಡ್‌ಪೇಪರ್ ಹಿಡಿದು ಬೆರಳು ಮಡಚಲು ಬರುತ್ತಿರಲಿಲ್ಲ. ಮಗಳು ಬ್ಯಾಂಕಿನಿಂದ ಬಂದು, ಅಮ್ಮಾ ಸಾಕು, ಆಳು ಇಡೋಣ ಎನ್ನುವಳು. ನಾನು ನಿಧಾನ ಮಾಡುತ್ತಿದ್ದುದು ಬೇರೆ ಕಾರಣಕ್ಕೆ. ಕೆಲಸ ಮುಗಿದ ದಿನ ನಾದಿನಿಗೆ ಹೇಳಬೇಕಾಗುತ್ತಿತ್ತು. ಅರವತ್ತು ವರ್ಷದ ಮಡಿಯನ್ನು ಬಿಡಿ ಎನ್ನಲು ನಾನು ಯಾರು? ಹೊಸದಾಗಿ ಬಂದಾಗ ಆಕೆಯ ಮಡಿಗೆ ನಾನು ಮುಸಿಮುಸಿ ನಕ್ಕವಳು. ನನ್ನ ಇಂಗ್ಲಿಷಿಗೆ ಆಕೆ ಮೂಗು ಮುರಿದವರು. ಈಗ ನಾನು ಹೇಳಿದರೆ ಆ ಹಳೆಯ ಜಗಳದ ಕೊನೆಯ ಮಾತಿನ ಹಾಗೆ ಕೇಳಿಸುತ್ತದೆ ಎಂಬ ಅಂಜಿಕೆ.

ಕೊನೆಯ ಕೋಟ್ ಒಣಗಿದ ಸಂಜೆ ಆಕೆಯೇ ಬಂದು ಬೆರಳಾಡಿಸಿ ನೋಡಿದರು. ಗಾಯ ಮಾಗಿತ್ತು. "ರೇಷ್ಮಿ ಆಗ್ಯದ," ಎಂದರು. ನಾಳೆ ಹೋಗುತ್ತೇನೆ ಎಂದರು. ಆಗ ಹೇಳಿದೆ. ಬಡಿಗ ಬೆರಳಿಟ್ಟು ತೋರಿಸಿದ್ದನ್ನು, ಗೇಟಿನ ಈಚೆ, ಗೇಟಿನ ಆಚೆ, ನೀರು, ಬಿಸಿಲು, ಎಲ್ಲ ಹೇಳಿದೆ.

ಆಕೆ ಮೇಲ್ಪಟ್ಟಿಯ ಮೇಲಿಂದ ಕೈ ತೆಗೆದರು. ಆಮೇಲೆ, "ಅಂದ್ರ ಇಷ್ಟು ದಿನ ನಾನೇ ಅದನ್ನ ಕೊಂದೆ ಅನ್ನು."

ಹಾಗಲ್ಲ ಎಂದೆ. ಉಣ್ಣೆಗೆ ಮೈಲಿಗೆಯಿಲ್ಲವಲ್ಲ, ಧಾಬಳಿಯ ಚೂರನ್ನು ಕೈಗೆ ಸುತ್ತಿಕೊಂಡು ಹಿಡಿದರಾಯಿತು ಎಂದು, ನಾಲ್ಕು ದಿನದಿಂದ ಯೋಚಿಸಿಟ್ಟಿದ್ದ ಉಪಾಯ ಹೇಳಿದೆ. ಆಕೆ ಅಲ್ಲೇ ಸುತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿ ನೋಡಿದರು. ನಿಂತುಬಿಟ್ಟರು. ಉಣ್ಣೆಯ ಮೇಲಿನಿಂದ ಮೊಳೆ ಯಾವುದು ಸಂದು ಯಾವುದು ತಿಳಿಯುವುದಿಲ್ಲ ಎಂದು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆ ರಾತ್ರಿ ಫಲಾಹಾರಕ್ಕೂ ಏಳಲಿಲ್ಲ.

ಮರುದಿನ ಜಾವಕ್ಕೆ ಬಾಗಿಲ ಸದ್ದಾಗಿ ಕಿಟಕಿಯ ಹತ್ತಿರ ಹೋದೆ. ನಾದಿನಿ ಜಗುಲಿ ಇಳಿಯುತ್ತಿದ್ದರು. ಬಲಗೈ ಖಾಲಿ ಇತ್ತು. ಎಡಗೈಯನ್ನು ಒಣ ಮರದ ಮೇಲೆ ಒಂದು ಕ್ಷಣ ಎತ್ತಿ ಹಿಡಿದು, ಆಮೇಲೆ ಇಟ್ಟು ನಡೆದರು. ನಾನು ಚಪ್ಪಲಿ ಹಾಕದೆ ಹಿಂದೆ ಹೋದೆ. ಗೊತ್ತಾದರೆ ಬೈಯುತ್ತಾರೆಂದು ದೂರವೇ ನಿಂತೆ. ಮಠದಲ್ಲಿ ಮಡಿಯ ಹೆಂಗಸರ ಸಾಲು ಒಳಗೆ, ಬೃಂದಾವನದ ಎದುರಿಗೆ. ಆ ಸಾಲಿನಲ್ಲಿ ಆಕೆಯ ಜಾಗ ನನ್ನ ಮದುವೆಗೂ ಮೊದಲಿನದು. ನಾದಿನಿ ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಬಳಿ, ಬೆಳಗಿನ ಟ್ಯೂಷನ್ನಿಗೆ ಹೊರಟ ಮಕ್ಕಳು, ಹೂ ಮಾರುವವಳು, ಇವರ ನಡುವೆ ನಿಂತು, ಕೈ ಒಡ್ಡಿ ತೀರ್ಥ ತೆಗೆದುಕೊಂಡರು.

ಮನೆಗೆ ಬಂದ ಮೇಲೆ ನಾನು ತಡೆಯಲಾರದೆ, ತೀರ್ಥ ಕೊಡುವ ಆಚಾರ್ಯರು ಏನಾದರೂ ಕೇಳಿದರೇ ಎಂದೆ.

"ನೀ ನೋಡ್ಲಿಕ್ಕೆ ಬಂದಿದ್ದಿ, ಗೊತ್ತದ ನನಗ," ಎಂದರು. "ಕೇಳಿದ್ರು, ಯಾಕಮ್ಮ ಹೊರಗ ನಿಂತ್ರಿ ಅಂತ. ಮಣಕಾಲು, ಮೆಟ್ಲ ಏರ್ಲಿಕ್ಕೆ ಆಗೂದಿಲ್ಲ ಅಂದೆ."

"ಸುಳ್ಳು ಹೇಳಿದಿರಾ?"

"ಹೂಂ. ಬೇಲಿ ಸಲುವಾಗಿ ಅಂದ್ರ ನಗತಾರ." ಗೋಡೆ ಹಿಡಿದು ಕೂತರು. ಎಷ್ಟೋ ದಿನದ ಮೇಲೆ ಅಷ್ಟು ದೂರ ನಡೆದಿದ್ದರಿಂದ ಉಸಿರು ಮೇಲೆ ಬಂದಿತ್ತು. "ನಾಳೆ ಬೆನ್ನ ಹಿಂದ ಬರಬ್ಯಾಡ. ನಾ ಒಬ್ಬಾಕಿನೇ ಹೋಗ್ತೀನಿ."

ಆಗಲಿ ಎಂದೆ. ಜೋಳದ ದಂಟಿನ ತಟ್ಟಿ ಇನ್ನೂ ಕಟ್ಟಿಸಬೇಕಿತ್ತು. ಹಾಲಿನವಳು ಬಂದಾಗ ದಂಟಿನ ವಿಷಯ ಕೇಳಬೇಕೆಂದುಕೊಂಡು ಕಾಫಿಗಿಡಲು ಎದ್ದೆ.