ಮಣಿಯನ್ನು ಕೆಳಮನೆಯಿಂದ ಬಿಡಿಸಿದ ಕ್ರಮ

ಇವತ್ತು ಬೆಳಿಗ್ಗೆ ಮಹಡಿಯಿಂದ ಮೆಣಸಿನಕಾಯಿ ಹುರಿಯುವ ಘಾಟು ಇಳಿದು ಬಂತು. ಏಳು ಸಲ ಸೀನಿದೆ. ಮಹಡಿಯಲ್ಲಿರುವವನು ನನ್ನ ಬಾಡಿಗೆದಾರ ಮಣಿ. ನೀವೂ ಮನೆ ಬಾಡಿಗೆಗೆ ಕೊಟ್ಟವರಾದರೆ, ಕೆಳಗೆ ಕೂತು ಸೀನುವ ಓನರನ್ನು ಕಂಡು ನಗುತ್ತೀರಿ. ನಗಿ. ಆದರೆ ಪೂರ್ತಿ ಕೇಳಿ, ಉಪಯೋಗಕ್ಕೆ ಬರುತ್ತದೆ.

ತಮಿಳು ಸೀಮೆಯ ಸೋಮನೂರಿನಲ್ಲಿ ಎರಡು ಮಗ್ಗದಿಂದ ಶುರು ಮಾಡಿ, ಶರವಣಂಪಟ್ಟಿಯಲ್ಲಿ ಈ ಮನೆ ಕಟ್ಟಿದವನು ನಾನು. ನೂಲು ಕೊಳ್ಳುತ್ತಾ ಕಲಿತ ಪಾಠ ಒಂದೇ: ನಮಗೇನು ಬೇಕು ಎಂಬುದು ಎದುರಿಗಿರುವವನಿಗೆ ತಿಳಿಯಬಾರದು. ನೂಲು ಮುಗಿದು ಮಗ್ಗ ನಿಂತಿದ್ದರೂ, ಅಂಗಡಿಯಲ್ಲಿ ಮೊದಲು ಮಳೆಯ ವಿಷಯ ಮಾತಾಡಬೇಕು.

ಮೂರು ವರ್ಷದ ಹಿಂದೆ ನಾವು ಮಹಡಿಯಲ್ಲಿದ್ದೆವು, ಮಣಿ ಕೆಳಗಿದ್ದ. ಕಿಣತ್ತುಕಡವಿನ ತೆಂಗಿನಕಾಯಿ ವ್ಯಾಪಾರಿ. ಮಗಳ ಕಾಲೇಜಿಗಾಗಿ ಬಂದವನು. ದೂರು ಹೇಳುವುದರಲ್ಲಿ ನಿಪುಣ: ಮೋಟಾರಿನ ಸದ್ದು, ಚರಂಡಿಯ ವಾಸನೆ, ಬಾಗಿಲಿನ ಚಿಲಕ. ಬಾಡಿಗೆಯಲ್ಲಿ ಮಾತ್ರ ತಪ್ಪು ಹಿಡಿಯುವಂತಿರಲಿಲ್ಲ. ಅದೇ ತೊಂದರೆ.

ಆಗ ಅವ್ವನ ಮಂಡಿ ಕೆಟ್ಟಿತು. ಆರು ತಿಂಗಳು ಮೆಟ್ಟಿಲಿಳಿಯಲಿಲ್ಲ. ಕೇಳಿದರೆ, "ಕೆಳಗೆ ನನಗೇನು ಕೆಲಸ?" ಎಂದು ರೇಗುತ್ತಿದ್ದಳು, ಮನೆಯಲ್ಲಿ ಮಂಡಿಯ ಹೆಸರೆತ್ತುವಂತಿರಲಿಲ್ಲ. ಅವಳಿಗಾಗಿ ನನಗೆ ಕೆಳಮನೆ ಬೇಕಿತ್ತು. ಆದ್ದರಿಂದ ಮನೆ ಬಿಡಿ ಎನ್ನಲು ಮಣಿಗೆ ಅದೊಂದನ್ನು ಬಿಟ್ಟು ಉಳಿದೆಲ್ಲ ಕಾರಣ ಹೇಳಿದೆ: ತಂಗಿ ಬರುತ್ತಾಳೆ, ಗೋಡೆ ಒಡೆಸುತ್ತೇನೆ, ವಾಸ್ತು ಸರಿಯಿಲ್ಲ. ಅವನು "ಸರಿಂಗಣ್ಣಾ" ಎಂದು ತಮಿಳಿನಲ್ಲಿ ಒಪ್ಪಿ, ಅಲ್ಲೇ ಉಳಿದ.

ಮುಂದಿನ ಉಪಾಯಗಳನ್ನು ನಾನೂ ಹೆಂಡತಿಯೂ ಮೆಟ್ಟಿಲ ಮೇಲೆ ನಿಂತೇ ಚರ್ಚಿಸಿದೆವು. ಬೀದಿಗೆ ತಮಿಳು, ಮನೆಗೆ ಕನ್ನಡ. ಕನ್ನಡ ಆಡಿದರೆ ನಮಗೆ ಬಾಗಿಲು ಹಾಕಿಕೊಂಡ ಹಾಗೆ. "ನಾಳೆ ಮೋಟಾರ್ ಹಾಕೋದು ಬೇಡ" ಎಂದೆ. ಬೆಳಿಗ್ಗೆ ನೋಡಿದರೆ ಅವನ ಕೊಡ, ಬಕೆಟ್, ಇಡ್ಲಿ ಪಾತ್ರೆ ಕೂಡ ತುಂಬಿದ್ದವು. "ಸೋಮವಾರ ಚರಂಡಿ ಅಗೆಸೋಣ" ಎಂದೆ. ಸೋಮವಾರ ಅವನು ಸಂಸಾರ ಸಮೇತ ಊರಿಗೆ ಹೋಗಿದ್ದ. ಮೂರು ದಿನ ಆ ವಾಸನೆ ನಾವೇ ಕುಡಿದೆವು. ಅದೃಷ್ಟವಂತ ಎಂದುಕೊಂಡೆ.

ಒಂದು ಮಧ್ಯಾಹ್ನ ನಾವಿಬ್ಬರೂ ಸೋಮನೂರಿನಿಂದ ಬಂದಾಗ ಅವ್ವ ಮೆಟ್ಟಿಲ ನಡುವೆ ಕೂತಿದ್ದಳು. ಯಾರಿಗೂ ಹೇಳದೆ, ಕೂತುಕೊಂಡೇ ಜರುಗುತ್ತಾ ಇಳಿಯಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡಿದ್ದಳು. ಪಕ್ಕದಲ್ಲಿ ಮಣಿ. "ಅವ್ವಾ, ಕೈ ನನ್ನ ಹೆಗಲ ಮೇಲಿಡಿ. ಮೆಲ್ಲಗೆ" ಎನ್ನುತ್ತಿದ್ದ. ಕನ್ನಡದಲ್ಲಿ. ನಮ್ಮದಕ್ಕಿಂತ ಸ್ವಲ್ಪ ಚೆನ್ನಾಗಿಯೇ ಇತ್ತು.

"ನಿಮಗೆ ಕನ್ನಡ ಬರುತ್ತಾ?"

"ನಮ್ಮ ಮನೆಮಾತೇ ಅಣ್ಣಾ. ಬಂದ ದಿನವೇ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಅಕ್ಕನ ಹತ್ತಿರ ನನ್ನ ಮೂಗಿನ ವಿಷಯ ಮಾತಾಡ್ತಿದ್ರಿ. ಆಮೇಲೆ ಹೇಗೆ ಹೇಳೋದು?"

ನನ್ನ ಹೆಂಡತಿಗೆ ಒಳಗೆ ಏನೋ ಕೆಲಸ ನೆನಪಾಯಿತು.

"ಜಾಸ್ತಿ ಬಾಡಿಗೆಗೆ ಕಂಪ್ಯೂಟರ್ ಹುಡುಗರಿಗೆ ಕೊಡೋಕೆ ನನ್ನ ಓಡಿಸ್ತಿದ್ದೀರಿ ಅಂದ್ಕೊಂಡೆ" ಎಂದ ಮಣಿ. "ಅವ್ವ ಇಲ್ಲಿ ಸಿಕ್ಕಿಕೊಂಡದ್ದು ನೋಡಿದ ಮೇಲೇ ಅರ್ಥ ಆಯ್ತು. ಅವ್ವನ ಮಂಡಿ ಅಂತ ಒಂದು ಮಾತು ಹೇಳಿದ್ರೆ ನಾನೇ ಮೇಲೆ ಹೋಗ್ತಿದ್ನಲ್ಲ? ಮನೆ ಬದಲಾಯಿಸ್ಕೊಂಡ್ರೆ ಆಯ್ತು."

ಹೌದಲ್ಲ. ಓನರ್ ಮೇಲೆಯೇ ಇರಬೇಕು ಎಂದು ನನಗೆ ಹೇಳಿದವರು ಯಾರೋ ಗೊತ್ತಿಲ್ಲ. ಆ ಭಾನುವಾರವೇ ಸಾಮಾನು ಅದಲುಬದಲಾಯಿತು. ಅವ್ವ ಅಂಗಳದಲ್ಲಿ ಬರಿಗಾಲಲ್ಲಿ ನಿಂತು, ನುಗ್ಗೆಗಿಡಕ್ಕೆ ಯಾರೂ ನೀರು ಹಾಕಿಲ್ಲವೆಂದು ಎರಡೂ ಮನೆಯವರನ್ನು ಬೈದಳು.

ಇವತ್ತು ಸಂಜೆ ಮಣಿ ಇಳಿದು ಬಂದ. ಮಗಳ ಓದು ಮುಗಿಯಿತು, ಬರುವ ತಿಂಗಳು ಊರಿಗೆ ಹೋಗುತ್ತೇವೆ ಎಂದ. ಬಾಡಿಗೆದಾರನನ್ನು ಕಳಿಸುವ ಉಪಾಯ ಎಷ್ಟು ಬೇಕಾದರೂ ಹೇಳಬಲ್ಲೆ. ಉಳಿಸಿಕೊಳ್ಳುವಂಥದ್ದು ಒಂದೂ ಗೊತ್ತಿಲ್ಲ. ಸೊಪ್ಪು ಬಿಡಿಸುತ್ತಿದ್ದ ಅವ್ವನ ಕೈ ನಿಂತಿತ್ತು.

"ಹೋಗಬೇಡಿ ಮಣಿ," ಎಂದೆ. "ಅವ್ವನಿಗೆ ನೀವು ಬೇಕು. ನನಗೂ."

"ಹೀಗೆ ನೇರವಾಗಿ ಕೇಳಿಬಿಟ್ರೆ, ನಾನು ಹೇಗಣ್ಣಾ ಇಲ್ಲ ಅನ್ನೋದು?" ಎಂದು ಗೊಣಗುತ್ತಾ ಅವ್ವನ ಪಕ್ಕ ಕೂತು, ಸೊಪ್ಪಿನ ಕಟ್ಟನ್ನು ತನ್ನ ಕಡೆ ಎಳೆದುಕೊಂಡ.