ಅಕ್ಕ ತನ್ನದೆನ್ನದ ಫೋಟೋ

ಹೋದ ವಾರ ಹಿಂದೂಪುರದ ಒಂದು ಮದುವೆಯಲ್ಲಿ, ಇನ್ನೇನು ಮುಹೂರ್ತ ಎನ್ನುವಾಗ ನಮ್ಮ ಎಲ್‌ಇಡಿ ದೀಪ ಕೈಕೊಟ್ಟಿತು. ಮಂಟಪದ ಎಲೆಕ್ಟ್ರಿಷಿಯನ್ ಎಲ್ಲಿಂದಲೋ ಒಂದು ಹಳೇ ಹ್ಯಾಲೊಜನ್ ಲೈಟು ಹುಡುಕಿ ತಂದು ಹಚ್ಚಿದ. ಬಹಳ ಕಾಲ ಮೂಲೆಯಲ್ಲಿ ಬಿದ್ದಿದ್ದ ಲೈಟು. ಅದು ಕಾಯುತ್ತಿದ್ದಂತೆ ಒಳಗಿನ ಧೂಳು ಸುಟ್ಟು ಘಾಟು ಎದ್ದಿತು. ಮದುಮಗಳ ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕ್ಯಾಮೆರಾ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಸ್ಟುಡಿಯೋ ಒಂದಿತ್ತು. ಬೆಳಗಿನ ಮೊದಲ ಗಿರಾಕಿ ಬಂದು ದೀಪ ಹಚ್ಚಿದಾಗ ಅಲ್ಲಿ ದಿನವೂ ಇದೇ ಘಾಟು ಏಳುತ್ತಿತ್ತು. ಅದರ ಹಿಂದೆಯೇ ಅಕ್ಕನ ಗದರಿಕೆ ಕೇಳುತ್ತಿತ್ತು...

ಆಕೆ ನನಗೆ ದೂರದ ನೆಂಟಸ್ತಿಕೆಯಲ್ಲಿ ಅಕ್ಕ ಆಗಬೇಕು. ನಿಜ ಹೇಳಬೇಕೆಂದರೆ ಆ ನೆಂಟಸ್ತಿಕೆಯನ್ನು ನಮ್ಮಪ್ಪ ಅವಸರಕ್ಕೆ ಹುಡುಕಿ ತೆಗೆದದ್ದು. ನಾನು ಡಿಗ್ರಿ ಮುಗಿಸಿ, ಫೋಟೋ ಕೆಲಸವೇ ಮಾಡುತ್ತೇನೆಂದು ಹಟ ಹಿಡಿದಿದ್ದೆ. ನಮ್ಮದು ನೇಯ್ಗೆಯವರ ಮನೆ. ಮಗ್ಗ ನಿಂತ ಮೇಲೆ ಅಪ್ಪ ಹಿಂದೂಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನನ್ನನ್ನು ಕರೆದುಕೊಂಡು ಊರಿನ ಸ್ಟುಡಿಯೋಗಳಿಗೆಲ್ಲ ಹೋದರು. ನಾನು ತೆಗೆದ ಫೋಟೋಗಳ ಕವರು ಕಂಕುಳಲ್ಲೇ ಇರುತ್ತಿತ್ತು. ಅದನ್ನು ಬಿಚ್ಚಿ ತೋರಿಸಿ ಎಂದು ಯಾರೂ ಕೇಳಲಿಲ್ಲ. "ನಿಮ್ಗೆ ಯಾವ ಮಂಟಪದೋರು ಪರಿಚಯ?" ಎಂದು ಕೇಳಿದರು. "ಯಾರ ಕಡೇರು ನೀವು?" ಎಂದು ಕೇಳಿದರು. ಒಬ್ಬರಂತೂ ಅಪ್ಪನನ್ನು ಪಕ್ಕಕ್ಕೆ ಕರೆದು, ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ, ಬ್ಯೂಟಿ ಪಾರ್ಲರ್ ಕಲಿಸಿ ಎಂದು ಬುದ್ಧಿ ಹೇಳಿದರು. ಮನೆ ಸೇರಿದ ಮೇಲೆ ಅಪ್ಪ, "ಕಲ್ಯಾಣದುರ್ಗದಾಗೆ ನಮ್ಮೋಳೇ ಒಬ್ಳು ಫೋಟೋ ಹೊಡೀತಾಳಂತೆ. ಹೋಗಿ ಕೇಳ್ಬುಟ್ಟು ಬರಾಣ ಕಣಮ್ಮ" ಎಂದರು.

ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋದೆವು. ಮೆಟ್ಟಿಲು ಹತ್ತಿದಾಗ ಎದುರಿಗೆ ಸಿಕ್ಕಿದ್ದು ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು, ಕಡ್ಲೆಕಾಯಿ ಕೀಳಲು ಹೋಗುವ ಹೆಂಗಸರು ಹಾಕಿಕೊಳ್ಳುವ ಹಾಗೆ. ಕ್ಯಾಮೆರಾದ ಪಟ್ಟಿ ಸೆರಗು ಎಳೆಯಬಾರದೆಂದು ಹಾಗೆ ಎಂದು ಆಮೇಲೆ ತಿಳಿಯಿತು. ಅಪ್ಪ ನೆಂಟಸ್ತಿಕೆಯ ಎಳೆ ಬಿಡಿಸಿ ಹೇಳತೊಡಗಿದರು. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ನನ್ನ ಕಡೆ ಕೈ ಚಾಚಿದಳು.

"ಆ ಕವರ್ನಾಗೇನೈತೆ, ತೋರ್ಸು."

ಒಂದೊಂದೇ ಫೋಟೋ ತೆಗೆದು ನೋಡಿದಳು. ಇದು ಬೇಡ, ಇದು ಬೇಡ, ಇದು ಯಾಕೆ ತೆಗೆದೆ ಎಂದು ಬದಿಗಿಟ್ಟಳು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮಜ್ಜಿಯ ಫೋಟೋ ಬಂದಾಗ ಕೈ ನಿಂತಿತು. ಬಹಳ ಹೊತ್ತು ನೋಡಿದಳು. "ನಾಳೆ ಬಟ್ಟೆಬರೆ ತಗಂಡು ಬಾ" ಎಂದಳು, ಅಷ್ಟೇ.

ಆ ಸ್ಟುಡಿಯೋ ಮೊದಲು ಅವಳ ಗಂಡನದಾಗಿತ್ತು. ಸಕ್ಕರೆ ಕಾಯಿಲೆಯಿಂದ ಭಾವನ ಕಣ್ಣು ಮಂಜಾಗುತ್ತ ಬಂದು, ಕೊನೆಗೆ ಬೆಳಕು ಕತ್ತಲೆಯಷ್ಟೇ ಗೊತ್ತಾಗುವಂತಾಯಿತಂತೆ. ಸ್ಟುಡಿಯೋ ಮುಚ್ಚಿಬಿಡಿ ಎಂದು ನೆಂಟರು ಹೇಳಿದ ದಿನವೇ ಅಕ್ಕ ಕ್ಯಾಮೆರಾ ಕೈಗೆತ್ತಿಕೊಂಡಳಂತೆ. ನಾನು ಹೋದ ಕಾಲಕ್ಕೆ ಭಾವ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಗಿರಾಕಿಗಳನ್ನು ದನಿಯಿಂದಲೇ ಗುರುತು ಹಿಡಿದು ಮಾತಾಡಿಸುತ್ತಿದ್ದರು. ಒಳಗೆ ಅಕ್ಕ ಕೆಲಸ ಮಾಡುತ್ತಿದ್ದಳು.

ಅವಳಿಗೆ ಮಂಟಪಗಳ ಬಾಗಿಲು ಮುಚ್ಚಿತ್ತು. ಆ ಸೀಮೆಯ ದೊಡ್ಡ ಮದುವೆಗಳೆಲ್ಲ ಒಂದೇ ದೊಡ್ಡ ಸ್ಟುಡಿಯೋಗೆ ಹೋಗುತ್ತಿದ್ದವು. ಅವರಿಗೆ ಒಬ್ಬ ರಾಜಕೀಯ ನಾಯಕರ ಬೆಂಬಲವಿತ್ತು. ಮಂಟಪ ಕೇಳಲು ಹೋದವರಿಗೆ ಮ್ಯಾನೇಜರುಗಳೇ ಆ ಸ್ಟುಡಿಯೋದ ಕಾರ್ಡು ಕೊಟ್ಟು ಕಳಿಸುತ್ತಿದ್ದರು. ಅವರ ಕೆಲಸವೂ ಕೆಟ್ಟದ್ದೇನಲ್ಲ. ಆದರೆ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಪ್ರಮೇಯವೇ ಯಾರಿಗೂ ಬರುತ್ತಿರಲಿಲ್ಲ.

ಅಕ್ಕ ಹಳ್ಳಿಗಳ ಕಡೆ ತಿರುಗಿದಳು. ಶೇರ್ ಜೀಪಿನಲ್ಲಿ ಕಡ್ಲೆಕಾಯಿ ಮೂಟೆಗಳ ನಡುವೆ ಲೈಟಿನ ಸ್ಟ್ಯಾಂಡು ತುರುಕಿಕೊಂಡು ಹೋಗುತ್ತಿದ್ದೆವು. ಮನೆ ಮುಂದಿನ ಚಪ್ಪರದ ಮದುವೆ, ಸೀಮಂತ, ಹುಡುಗಿಯರಿಗೆ ಮೊದಲ ಸಲ ಲಂಗ-ಓಣಿ, ಅಂದರೆ ಲಂಗ-ದಾವಣಿ, ತೊಡಿಸುವ ಶಾಸ್ತ್ರ. ಹೆಂಗಸರಿಗೆ ಅವಳ ಎದುರು ಸಂಕೋಚವಿರಲಿಲ್ಲ. ಗಂಡಸು ಫೋಟೋಗ್ರಾಫರಾದರೆ ಗಲ್ಲ ಹಿಡಿದು ಮುಖ ತಿರುಗಿಸುತ್ತಿದ್ದ, ಹುಡುಗಿ ಕಲ್ಲಾಗುತ್ತಿದ್ದಳು. ಅಕ್ಕ ಯಾರನ್ನೂ ನಗು ಎನ್ನುತ್ತಿರಲಿಲ್ಲ. ಅತ್ತೆಯ ಮಾತು ತೆಗೆಯುತ್ತಿದ್ದಳು, ಸಾರಿಗೆ ಏನು ಹಾಕಿದ್ದೀರಿ ಎಂದು ಕೇಳುತ್ತಿದ್ದಳು. ಅವರು ಉತ್ತರ ಹೇಳುತ್ತ ಕ್ಯಾಮೆರಾ ಮರೆತ ಗಳಿಗೆಗೆ ಅವಳ ಬೆರಳು ಕಾದಿರುತ್ತಿತ್ತು. ಆ ಫೋಟೋಗಳಲ್ಲಿನ ಹೆಂಗಸರು ತಮ್ಮ ಮನೆಯ ಒಡತಿಯರಂತೆ ಕಾಣುತ್ತಿದ್ದರು. ಈಗಲೂ ಆ ಕಡೆಯ ಹಳ್ಳಿಗಳಿಗೆ ಹೋದರೆ ಗೋಡೆ ನೋಡಿಯೇ ಹೇಳಬಲ್ಲೆ, ಇದು ಅಕ್ಕ ತೆಗೆದದ್ದು ಎಂದು.

ನನಗೆ ಮಾತ್ರ ಸಿಟ್ಟು ಆರಿರಲಿಲ್ಲ. "ಇಷ್ಟು ಚೆನ್ನಾಗಿ ತೆಗೆದೂ ಜೀಪಿನಾಗೆ ಓಡಾಡ್ಬೇಕಾ ಅಕ್ಕ?" ಎಂದರೆ, "ಜೀಪಿಗೇನಾಗೈತೆ? ಹತ್ತು" ಎನ್ನುತ್ತಿದ್ದಳು.

ಹೀಗಿರುವಾಗ ಹಿಂದೂಪುರದ ಒಂದು ದೊಡ್ಡ ಮದುವೆ ಬಂತು. ಮದುಮಗಳು ಕಲ್ಯಾಣದುರ್ಗದ ಹತ್ತಿರದ ಹಳ್ಳಿಯವಳು. ಅವಳ ಲಂಗ-ಓಣಿ ಶಾಸ್ತ್ರದ ಫೋಟೋ ತೆಗೆದವಳು ಅಕ್ಕನೇ. ವರನ ಕಡೆಯವರು ಹಿಂದೂಪುರದ ದೊಡ್ಡ ವ್ಯಾಪಾರಸ್ಥರು. ನಾಯಕರ ಮಾತಿನ ಮೇಲೆ ಅವರು ದೊಡ್ಡ ಸ್ಟುಡಿಯೋಗೆ ಆಗಲೇ ವೀಳ್ಯ ಕೊಟ್ಟಿದ್ದರು. ಹುಡುಗಿ ಮಾತ್ರ ತನ್ನ ಕಡೆಯಿಂದ ಅಕ್ಕನೇ ಬರಬೇಕೆಂದು ಪಟ್ಟು ಹಿಡಿದಳು. ಇಬ್ಬರೂ ಬರಲಿ, ಅದಕ್ಕೇನಂತೆ ಎಂದರಂತೆ ವರನ ತಂದೆ.

ನನ್ನೂರಿನ ದೊಡ್ಡ ಮಂಟಪಕ್ಕೆ ಕ್ಯಾಮೆರಾ ಹೊತ್ತು ಹೋದ ಮೊದಲ ದಿನ ಅದು. ವೇದಿಕೆಯ ಮೇಲೆ ಆಗಲೇ ದೊಡ್ಡ ಸ್ಟುಡಿಯೋದ ತಂಡ ಬೀಡುಬಿಟ್ಟಿತ್ತು. ಉದ್ದನೆಯ ಕ್ರೇನು, ನಾಲ್ಕೂ ಮೂಲೆಗೆ ಕ್ಯಾಮೆರಾ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಅಕ್ಕ ಮೆಟ್ಟಿಲು ಹತ್ತುತ್ತಿದ್ದಂತೆ ಮಂಟಪದ ಮ್ಯಾನೇಜರು ಓಡಿಬಂದ. "ಅಮ್ಮಾ, ಕಿಂದಿಕಿ ದಿಗಂಡಿ, ದಿಗಂಡಿ" ಎಂದು ತೆಲುಗಿನಲ್ಲಿ ಕೆಳಗಿಳಿಯಲು ಕೈ ತೋರಿಸಿದ. ನಾವು ಮದುಮಗಳ ಕಡೆಯವರು ಎಂದು ನಾನು ಜಗಳಕ್ಕೆ ನಿಂತೆ. ಅಕ್ಕ ನನ್ನ ರಟ್ಟೆ ಹಿಡಿದು ಕೆಳಗಿಳಿಸಿದಳು.

"ಅವ್ಳ ಮದ್ವೆ ದಿನ ನಾವು ಕೂಗಾಡಾಕೆ ಬಂದಿಲ್ಲ ಕಣೆ."

ಮದುಮಗಳು ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಖ ಸಣ್ಣಗಾಯಿತು. ಅಕ್ಕ ಅಲ್ಲಿಂದಲೇ ಕೈಯೆತ್ತಿ, ನಾವಿದ್ದೀವಿ ಎಂಬಂತೆ ತಲೆ ಆಡಿಸಿದಳು.

ಮುಹೂರ್ತ ಹತ್ತಿರವಾಯಿತು. ನಮ್ಮ ಕಡೆ ಮದುವೆಯಲ್ಲಿ ಜೀರಿಗೆ-ಬೆಲ್ಲವೇ ಮುಹೂರ್ತ. ವಧೂವರರ ನಡುವೆ ತೆರೆ ಹಿಡಿದಿರುತ್ತಾರೆ, ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ, ಆಮೇಲೆ ತೆರೆ ಸರಿಯುತ್ತದೆ. ಒಂದೇ ಗಳಿಗೆಯ ಕೆಲಸ, ಮತ್ತೊಮ್ಮೆ ಮಾಡಿ ಎನ್ನುವಂತಿಲ್ಲ. ಅಕ್ಕ ವೇದಿಕೆಯನ್ನು ಒಂದು ಸುತ್ತು ಕಣ್ಣಲ್ಲೇ ಅಳೆದು ನನ್ನ ಕಿವಿಗೆ ಬಾಗಿದಳು.

"ಪುರೋಹಿತ್ರ ಹಿಂದ್ಗಡೆ, ತೆರೆ ಪಕ್ಕದಾಗೆ ಜಾಗ ಐತೆ. ನಂಗೆ ಆಗಾಕಿಲ್ಲ, ನೀನು ಸಣ್ಕಿದೀಯ. ನುಗ್ಗು. ಮೇಲಕ್ಕೇಳ್ಬ್ಯಾಡ, ಕುಂತೇ ಇರು."

ಕಳಶದ ಹಿಂದೆ, ಹೂವಿನ ಬುಟ್ಟಿಗಳ ನಡುವೆ ತೂರಿಕೊಂಡು ಕುಕ್ಕರಗಾಲಲ್ಲಿ ಕೂತೆ. ಅಲ್ಲಿಂದ ತೆರೆಯ ಎರಡೂ ಬದಿ ಕಾಣುತ್ತಿತ್ತು. ಆ ಕಡೆ ಅವನು, ಈ ಕಡೆ ಅವಳು, ನಡುವೆ ಬಟ್ಟೆ. ಗಟ್ಟಿಮೇಳ ಶುರುವಾಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಗದ್ದಲವೆದ್ದಿತು. ನಾಯಕರು ಬಂದಿದ್ದರು. ಕ್ರೇನು ಅತ್ತ ತಿರುಗಿತು, ನಾಲ್ಕೂ ಮೂಲೆಯ ಕ್ಯಾಮೆರಾಗಳು ಅತ್ತ ತಿರುಗಿದವು. ಅವರನ್ನೂ ಅನ್ನುವಂತಿರಲಿಲ್ಲ. ಆ ಕೆಲಸ ಕೊಡಿಸಿದ ದೊರೆಗೇ ಬೆನ್ನು ಹಾಕಿ ನಿಲ್ಲುವುದು ಹೇಗೆ?

ಇಲ್ಲಿ ವರನ ಕೈ ಗುರಿ ತಪ್ಪಿತು. ಜೀರಿಗೆ ಬೆಲ್ಲ ಅವಳ ನೆತ್ತಿಯ ಬದಲು ಹಣೆಗೆ ಅಂಟಿ ಮೂಗಿನ ಮೇಲೆ ಇಳಿಯಿತು. ಅವಳು ಕಣ್ಣುಮುಚ್ಚಿಕೊಂಡೇ ನಕ್ಕಳು. ನಗು ಕೇಳಿಸಿದ್ದೇ ಅವನು ಆ ಕಡೆಯಿಂದ ಗಾಬರಿಯಲ್ಲಿ ಕತ್ತು ಚಾಚಿದ. ನಾನು ಒತ್ತಿದೆ. ತೆರೆ ಸರಿಯುವಷ್ಟರಲ್ಲಿ ಅಕ್ಷತೆಯ ಮಳೆ ಸುರಿದು ಏನೂ ಕಾಣದಾಯಿತು.

ಮದುವೆ ಕಳೆದು ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ ವರನ ತಂದೆ ಕಲ್ಯಾಣದುರ್ಗಕ್ಕೆ ಬಂದರು. ಕಾರು ಬೀದಿಯಲ್ಲಿ ನಿಲ್ಲಿಸಿ, ಏದುಸಿರು ಬಿಡುತ್ತ ಆ ಕಡಿದಾದ ಮೆಟ್ಟಿಲನ್ನು ತಾವೇ ಹತ್ತಿ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಾವು ಕಳಿಸಿದ್ದ ಆಲ್ಬಂ. ಭಾವ ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಏನಮ್ಮ ಹೇಳ್ಲಿ, ಅವ್ರ ಆಲ್ಬಂ ನೋಡಿದ್ರೆ ಆ ನಾಯಕ್ರಿಗೇ ಮದ್ವೆ ಆದಂಗೈತೆ! ನನ್ನ ಮಗನ ಜೀರ್ಗೆ-ಬೆಲ್ಲ ಹುಡುಕಿದ್ರೆ ಇಲ್ಲ. ಇದು ನೋಡು, ಇದು." ಆಲ್ಬಂ ಬಿಚ್ಚಿ ಆ ಪುಟದ ಮೇಲೆ ಕೈಯಿಟ್ಟರು. "ನಮ್ಮ ಮನೇಲಿ ಇದನ್ನ ಗೋಡೆಯಷ್ಟು ದೊಡ್ದು ಮಾಡ್ಸಿ ಹಾಕಿದೀವಿ. ನಮ್ಮ ಜನದೋರ ಮದ್ವೆ ಹಿಂದೂಪುರದಾಗೆ ಯಾವ್ದೇ ಆಗ್ಲಿ, ಇನ್ಮೇಲೆ ನೀನೇ ಬರ್ಬೇಕು. ಮಂಟಪದೋರಿಗೆ ನಾನು ಹೇಳ್ತೀನಿ."

ನಾನು ಲೋಟದಲ್ಲಿ ನೀರು ಹಿಡಿದು ನಿಂತಿದ್ದೆ. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಅಕ್ಕನಿಗೆ ತಾನಾಗಿ ತೆರೆದಿತ್ತು. ಅವಳು ಹೂಂ ಎಂದರೆ ಮುಗಿಯಿತು. ನಮ್ಮ ಕಸುಬಿನಲ್ಲಿ ಸ್ಟುಡಿಯೋದಲ್ಲಿ ಯಾರೇ ತೆಗೆಯಲಿ, ಫೋಟೋ ಒಡೆಯರದ್ದೇ. ಅದು ಎಲ್ಲರೂ ಒಪ್ಪಿದ ರೂಢಿ. ನಾನೂ ಹಾಗೇ ತಿಳಿದಿದ್ದೆ, ನನಗದರಲ್ಲಿ ಬೇಸರವೂ ಇರಲಿಲ್ಲ.

ಅಕ್ಕ ಆಲ್ಬಂ ತನ್ನ ಕಡೆಗೆ ತಿರುಗಿಸಿಕೊಂಡು ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿದಳು.

"ಇದು ನಾನು ತೆಗ್ದಿದ್ದಲ್ಲ ಸ್ವಾಮಿ. ಇವ್ಳು ತೆಗ್ದಿದ್ದು. ನಿಮ್ಮೂರೋಳೇ. ಹೇಳೋದಿದ್ರೆ ಮಂಟಪದೋರಿಗೆ ಇವ್ಳ ಹೆಸ್ರು ಹೇಳಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಿಗಿಂತ ಹೆಚ್ಚು ಗಾಬರಿಯಾದವಳು ನಾನು. ಅವರು ಹೋದ ಮೇಲೆ ಅಕ್ಕನ ಹಿಂದೆ ಬಿದ್ದೆ. ಯಾಕೆ ಹಾಗೆ ಹೇಳಿದೆ, ಜಾಗ ತೋರಿಸಿದವಳು ನೀನಲ್ಲವಾ ಎಂದೆ. ಉತ್ತರಕ್ಕೂ ಕಾಯದೆ ಇನ್ನೂ ಮುಂದೆ ಹೋದೆ. ಪರಿಚಯದಿಂದ ಮೇಲೆ ಬರುವವರನ್ನು ಕಂಡರೆ ನನಗಾಗದು, ಈಗ ನಾನೂ ಒಬ್ಬ ದೊಡ್ಡ ಮನುಷ್ಯನ ಶಿಫಾರಸಿನ ಮೇಲೆ ಊರಿಗೆ ಹೋಗಬೇಕೇ ಎಂದೂ ಕೇಳಿಬಿಟ್ಟೆ.

ಅಕ್ಕ ಲೆನ್ಸ್ ಒರೆಸುತ್ತಿದ್ದಳು. "ಅವ್ರು ನಿನ್ನ ಕೆಲ್ಸ ನೋಡ್ಬುಟ್ಟು ಹೇಳ್ತಾವ್ರೆ. ನೋಡ್ದಲೇ ಹೇಳಿದ್ರೆ ಶಿಫಾರಸು. ಎರಡೂ ಒಂದೇನಾ?" ಎಂದಳು. ಲೆನ್ಸಿಗೆ ಮುಚ್ಚಳ ಹಾಕಿ, "ಜಾಗ ಯಾರು ಬೇಕಾದ್ರೂ ತೋರಿಸ್ತಾರೆ ಕಣೆ. ಆ ನಗೂನ ಕಂಡೋಳು ನೀನು" ಎಂದಳು.

ಬಾಗಿಲ ಬಳಿಯಿಂದ ಭಾವ, "ಕಳ್ಸು, ಕಳ್ಸು. ನಮ್ಗೆ ಜೀಪು ಐತಲ್ಲ" ಎಂದು ನಕ್ಕರು.

ನಾನು ಹಿಂದೂಪುರಕ್ಕೆ ಬಂದೆ. ಮೊದಲ ಕೆಲವು ಮದುವೆಗಳು ಆ ಹಿರಿಯರ ಮಾತಿನಿಂದ ಬಂದವು, ಅದನ್ನು ಮುಚ್ಚಿಡಲಾರೆ. ಆಮೇಲಿನವು ಆ ಮದುವೆಗಳ ಫೋಟೋ ನೋಡಿದವರಿಂದ ಬಂದವು. ಸೋಮಂದೇಪಲ್ಲಿ, ಪೆನುಕೊಂಡ, ಗಡಿ ದಾಟಿ ಕರ್ನಾಟಕದ ಕಡೆಯ ಊರುಗಳು... ಅಕ್ಕ ಅಲ್ಲೇ ಉಳಿದಳು. ಆ ದಿನ ಅವಳು ಸುಮ್ಮನಿದ್ದಿದ್ದರೆ ಈ ಮಂಟಪಗಳಲ್ಲಿ ಅವಳು ಓಡಾಡುತ್ತಿದ್ದಳು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವಳಿಗೆ ಹಾಗನ್ನಿಸಿದ್ದನ್ನು ನಾನು ಎಂದೂ ಕಾಣಲಿಲ್ಲ. ಪರಿಚಯ ದೊಡ್ಡದೋ ಪ್ರತಿಭೆ ದೊಡ್ಡದೋ ಎಂದು ಹೊಸಬರು ಕೇಳಿದಾಗ ನಾನು ವಾದ ಮಾಡಲು ಹೋಗುವುದಿಲ್ಲ. ನಾನು ಅವಳ ಹತ್ತಿರ ಕಲಿತವಳು ಎಂದಷ್ಟೇ ಹೇಳುತ್ತೇನೆ. ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಪ್ರತಿ ಮದುವೆಯ ಮರುದಿನ ಒಂದಷ್ಟು ಫೋಟೋಗಳನ್ನು ಅವಳ ಫೋನಿಗೆ ಕಳಿಸುತ್ತಿದ್ದೆ. ಹೊಗಳಿಕೆಯ ಉತ್ತರ ಬಂದದ್ದು ನೆನಪಿಲ್ಲ. "ಮದುಮಗಳ ತಾಯಿ ಎಲ್ಲಿ? ಅವ್ಳು ಮದ್ವೆಗೆ ಬಂದಿರಲಿಲ್ವಾ?" ಎಂದು ಬೈಗುಳದ ವಾಯ್ಸ್ ಮೆಸೇಜು ಬರುತ್ತಿತ್ತು. ಮುಂದಿನ ಮದುವೆಯಲ್ಲಿ ನಾನು ಮೊದಲು ತಾಯಿಯನ್ನು ಹುಡುಕುತ್ತಿದ್ದೆ. ಎರಡು ಬೇಸಿಗೆಯ ಹಿಂದೆ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಅನಂತಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನಾನು ತೋರಿಸಿದ ಫೋಟೋವನ್ನು ಕಣ್ಣು ಕಿರಿದು ಮಾಡಿ ನೋಡಿ, ಬೇಡ ಎಂದು ತಲೆ ಆಡಿಸಿದಳು. ಆ ವರ್ಷದ ಮಳೆಗಾಲ ಬರುವ ಮೊದಲೇ ಅವಳು ತೀರಿಕೊಂಡಳು...

ಹೋದ ವಾರದ ಮದುವೆಯ ಫೋಟೋಗಳನ್ನು ಆರಿಸುತ್ತ ಕೂತಿದ್ದೆ. ಎಲ್ಲರೂ ಚೆನ್ನಾಗಿದೆ ಎಂದರು. ನನ್ನ ಹುಡುಗರು, ಮದುವೆ ಮನೆಯವರು, ಮಂಟಪದ ಮ್ಯಾನೇಜರೂ ಸಹ. ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ತಡೆಯಲಾರದೆ ಕಲ್ಯಾಣದುರ್ಗಕ್ಕೆ ಫೋನು ಮಾಡಿದೆ. ಭಾವ ಎತ್ತಿಕೊಂಡರು. ಅಕ್ಕ ಇದ್ದಿದ್ದರೆ ಕಳಿಸುತ್ತಿದ್ದ ಫೋಟೋವನ್ನು ಅವರಿಗೆ ಬಾಯಲ್ಲೇ ಬಿಡಿಸಿ ಹೇಳಿದೆ. ಬೆಳಕು ಎಲ್ಲಿಂದ ಬಿದ್ದಿದೆ, ಯಾರು ಎಲ್ಲಿ ನಿಂತಿದ್ದಾರೆ, ಮದುಮಗಳು ಯಾರ ಕಡೆ ನೋಡುತ್ತಿದ್ದಾಳೆ, ಎಲ್ಲ. ಅವರು ಕೊನೆಯವರೆಗೂ ಕೇಳಿದರು.

"ಅವ್ಳಿದ್ದಿದ್ರೆ ಬೈಯ್ತಿದ್ಳು ಕಣಮ್ಮ" ಎಂದರು.

"ಯಾವುದಕ್ಕೆ ಭಾವ?"

"ಅದು ನಂಗೆ ಹೆಂಗೆ ಗೊತ್ತಾಯ್ತದೆ?"

ಫೋನಿಟ್ಟು ಮತ್ತೆ ಆ ಫೋಟೋವನ್ನು ತುಂಬಾ ಹೊತ್ತು ನೋಡಿದೆ. ಏನೋ ತಪ್ಪಿದೆ, ಇರಲೇಬೇಕು. ನನಗೆ ಕಾಣಲಿಲ್ಲ.